ಬ್ಯಾಂಕ್ ಅನ್ನೋ ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಸಂಜೆ ಹೊತ್ತು ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎರಡೂ ಕಡೆ ಮತ್ತೆ ಮತ್ತೆ ಎದುರಾಗುವ ಪದ ಬ್ಯಾಂಕ್. ಮಕ್ಕಳು ಪಾಠದ ನಡುವೆ ಕೇಳಿದ್ದು, ಓದುಗರು ಪತ್ರದಲ್ಲಿ ಬರೆದದ್ದು, ಬ್ಯಾಂಕಿನಲ್ಲೇ ಕೆಲಸ ಮಾಡುವ ಪರಿಚಯದವರು ಕಾಫಿ ಕುಡಿಯುತ್ತಾ ಕೇಳಿದ್ದು ಎಲ್ಲ ಇಲ್ಲಿದೆ. ಸುಲಭದ್ದು ಮೊದಲು, ಸ್ವಲ್ಪ ಆಳದ್ದು ಆಮೇಲೆ.

## ಮೊದಲ ಪ್ರಶ್ನೆಗಳು

ಬ್ಯಾಂಕ್ ಅಂದ್ರೆ ದುಡ್ಡು ಇಡೋ ಜಾಗ ಅಲ್ವಾ? ನದಿಗೂ ಯಾಕೆ ಬ್ಯಾಂಕ್ ಅಂತಾರೆ?

ನದಿಯ ಪಕ್ಕದಲ್ಲಿ ಎತ್ತರವಾಗಿ ಎದ್ದಿರುವ ನೆಲ ಇರುತ್ತದಲ್ಲ, ಅದೇ ಬ್ಯಾಂಕ್. ಕನ್ನಡದಲ್ಲಿ ದಂಡೆ ಅಥವಾ ದಡ. ಆ ಪದದ ಹಳೆಯ ಅರ್ಥದಲ್ಲಿ ದುಡ್ಡಿನ ಸುಳಿವೇ ಇಲ್ಲ. ಎತ್ತರಿಸಿದ ಮಣ್ಣು, ದಿಬ್ಬ, ಏರು ಎಂದಷ್ಟೇ ಇತ್ತು. ದುಡ್ಡಿನ ಬ್ಯಾಂಕ್ ಇಂಗ್ಲಿಷಿಗೆ ಬಂದದ್ದು ಬೇರೆ ದಾರಿಯಿಂದ, ತುಂಬ ತಡವಾಗಿ. ಆದರೆ ಎರಡೂ ಹೊರಟದ್ದು ಒಂದೇ ಮನೆಯಿಂದ. ಅದನ್ನು ಮುಂದೆ ಬಿಡಿಸಿ ಹೇಳಿದ್ದೇನೆ.

ಹಾಗಾದ್ರೆ ಒಟ್ಟು ಎಷ್ಟು ಅರ್ಥ ಇದೆ?

ನಿಘಂಟು ಬಿಚ್ಚಿದರೆ ಪಟ್ಟಿ ಉದ್ದ ಇದೆ. ದಿನ ಬಳಕೆಯದ್ದು ಇಷ್ಟು: ಹೊಳೆಯ ದಂಡೆ, ಹಣದ ಸಂಸ್ಥೆ, ಸಮುದ್ರದೊಳಗಿನ ದಿಬ್ಬ, ಮೋಡದ ಅಥವಾ ಮಂಜಿನ ರಾಶಿ, ಒಂದೇ ಥರದ ವಸ್ತುಗಳ ಸಾಲು, ಪಕ್ಕಕ್ಕೆ ವಾಲುವುದು, ಕೂಡಿಡುವುದು, ನಂಬಿಕೊಂಡಿರುವುದು. ಗೋಡೆ ಮೇಲೆ ಒತ್ತಾಗಿ ಜೋಡಿಸಿದ ಸ್ವಿಚ್ಚುಗಳಿಗೆ ಸ್ವಿಚ್ಚುಗಳ ಬ್ಯಾಂಕ್ ಅನ್ನುತ್ತಾರೆ. ಯಾರನ್ನಾದರೂ ನೆಚ್ಚಿಕೊಂಡರೆ ಅವರ ಮೇಲೆ ‘ಬ್ಯಾಂಕ್ ಆನ್’ ಮಾಡಿದ ಹಾಗೆ.

ಟೀಚರ್, ವೆಸ್ಟ್ ಬ್ಯಾಂಕ್‌ನಲ್ಲಿ ಯಾರ ದುಡ್ಡು ಇರುತ್ತೆ?

ಏಳನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಟಿವಿಯಲ್ಲಿ ಯುದ್ಧದ ಸುದ್ದಿ ನೋಡಿ ಬಂದಿದ್ದ. ಒಳ್ಳೆಯ ಪ್ರಶ್ನೆ ಅಂತ ಅವನ ಬೆನ್ನು ತಟ್ಟಿದೆ. ಯಾಕಂದ್ರೆ ದೊಡ್ಡವರೂ ಇದನ್ನು ಕೇಳಿದ್ದಾರೆ.

ಇಸ್ರೇಲ್, ಪ್ಯಾಲೆಸ್ಟೀನ್ ಕಡೆ ಇರುವುದು ಜೋರ್ಡಾನ್ ನದಿ. ಅದರ ಪಶ್ಚಿಮ ದಂಡೆಯ ಕಡೆಗಿರುವ ಪ್ರದೇಶವೇ ವೆಸ್ಟ್ ಬ್ಯಾಂಕ್. ನಮ್ಮ ಪತ್ರಿಕೆಗಳು ಪಶ್ಚಿಮ ದಂಡೆ ಎಂದೇ ಬರೆಯುತ್ತವೆ, ಅದೇ ಸರಿ. ಸಮುದ್ರದಲ್ಲೂ ಇಂಥ ಹೆಸರುಗಳಿವೆ. ಕನ್ಯಾಕುಮಾರಿಯ ದಕ್ಷಿಣಕ್ಕೆ ವಾಜ್ ಬ್ಯಾಂಕ್ ಇದೆ. ಅದು ನೀರಿನೊಳಗೆ ನೆಲ ಎದ್ದಿರುವ, ಆಳ ಕಡಿಮೆ ಇರುವ ಜಾಗ. ಮೀನು ಜಾಸ್ತಿ ಸಿಗುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿಯ ಗ್ರಾಂಡ್ ಬ್ಯಾಂಕ್ಸ್ ಕೂಡ ಹಾಗೇ, ಕಾಡ್ ಮೀನಿಗೆ ಹೆಸರಾದ ದಿಬ್ಬಗಳು.

ಎಡದಂಡೆ, ಬಲದಂಡೆ ಅಂತಾರಲ್ಲ, ಯಾರ ಎಡ? ಯಾರ ಬಲ?

ನೀರಿನ ಎಡ, ನೀರಿನ ಬಲ. ನದಿ ಹರಿಯುವ ಕಡೆಗೆ ಮುಖ ಮಾಡಿ ನಿಲ್ಲಿ. ನಿಮ್ಮ ಎಡಗೈ ಕಡೆ ಇರುವುದು ಎಡದಂಡೆ. ಯಾವ ದಡದಲ್ಲಿ ನಿಂತರೂ ಲೆಕ್ಕ ಬದಲಾಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರಿನ ಹೊಲಗಳಿಗೆ ನೀರು ಕೊಡುತ್ತದೆ. ಬಲದಂಡೆ ಕಾಲುವೆ ಬಳ್ಳಾರಿ ಕಡೆಗೆ ಹೋಗುತ್ತದೆ. ಇಂಗ್ಲಿಷಿನ ‘ಲೆಫ್ಟ್ ಬ್ಯಾಂಕ್ ಕೆನಾಲ್’ ಇದೇ.

## ಪದ ಹುಟ್ಟಿದ್ದು ಹೇಗೆ

ಮೊದಲು ಬಂದದ್ದು ನದಿಯದೋ, ದುಡ್ಡಿನದೋ?

ನದಿಯದು. ಸುಮಾರು 1200ರ ಹೊತ್ತಿಗೆ ಇಂಗ್ಲಿಷಿನಲ್ಲಿ ದಿಬ್ಬ, ದಂಡೆ ಎಂಬ ಅರ್ಥದಲ್ಲಿ ಬ್ಯಾಂಕ್ ಕಾಣಿಸುತ್ತದೆ. ಅದು ಸ್ಕ್ಯಾಂಡಿನೇವಿಯಾದಿಂದ ಬಂದ ಪದ. ಸಮುದ್ರ ದಾಟಿ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ನೆಲೆ ನಿಂತ ಜನ ತಮ್ಮ ಮಾತನ್ನೂ ಬಿಟ್ಟುಹೋದರು. ಆಕಾಶಕ್ಕೆ ಸ್ಕೈ, ಮೊಟ್ಟೆಗೆ ಎಗ್, ಕಿಟಕಿಗೆ ವಿಂಡೋ ಎಂಬ ಪದಗಳೂ ಅವರದ್ದೇ. ಅವರ ಹಳೆಯ ನಾರ್ಸ್ ಭಾಷೆಯಲ್ಲಿ ‘ಬಕ್ಕಿ’ ಅಂದರೆ ಏರು, ದಂಡೆ.

ದುಡ್ಡಿನ ಬ್ಯಾಂಕ್ ಇಂಗ್ಲಿಷಿಗೆ ಕಾಲಿಟ್ಟದ್ದು 1400ರ ದಶಕಗಳ ಕೊನೆಯಲ್ಲಿ. ಅಂದರೆ ಹೆಚ್ಚುಕಡಿಮೆ 300 ವರ್ಷ ಆದಮೇಲೆ.

ಕೂರೋ ಬೆಂಚಿನಿಂದ ಬ್ಯಾಂಕ್ ಬಂತು ಅಂತ ಕೇಳಿದ್ದೇನೆ. ನಿಜಾನಾ?

ನಿಜ. ಕಥೆ ಇಟಲಿಯದು. ಆದರೆ ಪದ ಇಟಲಿಯದಲ್ಲ. ಉತ್ತರದ ಜರ್ಮನಿಕ್ ಜನ ಬೆಂಚಿಗೆ ‘ಬಾಂಕ್’ ಅನ್ನುತ್ತಿದ್ದರು. 568ರಲ್ಲಿ ಇಟಲಿಗೆ ನುಗ್ಗಿದ ಲೊಂಬಾರ್ಡರಂಥ ಜನರ ಬಾಯಿಂದ ಆ ಪದ ಇಟಲಿಯ ಮಾತಿಗೆ ಸೇರಿತು. ‘ಬಾಂಕೊ’, ‘ಬಾಂಕಾ’ ಅಂದರೆ ಬೆಂಚು, ಉದ್ದನೆಯ ಮೇಜು.

ಆ ಕಾಲದ ಫ್ಲಾರೆನ್ಸ್, ಜಿನೋವಾ, ವೆನಿಸ್ ಊರುಗಳನ್ನು ಕಣ್ಮುಂದೆ ತಂದುಕೊಳ್ಳಿ. ಒಂದೊಂದು ಊರಿಗೆ ಒಂದೊಂದು ನಾಣ್ಯ. ದೂರದಿಂದ ಬಂದ ವ್ಯಾಪಾರಿಗೆ ತನ್ನ ನಾಣ್ಯ ಕೊಟ್ಟು ಈ ಊರಿನದ್ದು ಪಡೆಯಬೇಕು. ಬೀದಿಯಲ್ಲಿ ಮೇಜು ಹಾಕಿಕೊಂಡು ಚಿನಿವಾರ ಕೂತಿರುತ್ತಾನೆ. ತಕ್ಕಡಿಯಲ್ಲಿ ನಾಣ್ಯ ತೂಗುತ್ತಾನೆ, ಬೆಳ್ಳಿ ಚಿನ್ನ ಖರೆಯೋ ಖೋಟಾನೋ ನೋಡುತ್ತಾನೆ, ಬದಲಿ ಎಣಿಸಿ ಕೊಡುತ್ತಾನೆ. ಆಮೇಲೆ ಜನ ಅವನ ಹತ್ತಿರವೇ ಹಣ ಇಡಲು ಶುರು ಮಾಡಿದರು. ಸಾಲವೂ ಅಲ್ಲೇ. ‘ಬಾಂಕೊ ಹತ್ತಿರ ಹೋಗ್ತೀನಿ’ ಅಂದರೆ ಆ ಮೇಜಿನ ಹತ್ತಿರ ಹೋಗುತ್ತೇನೆ ಎಂದರ್ಥ. ಮೇಜಿನ ಹೆಸರೇ ಕಸುಬಿನ ಹೆಸರಾಯಿತು. ಇಟಲಿಯ ಸಿಯೆನಾದಲ್ಲಿ 1472ರಲ್ಲಿ ಶುರುವಾದ ಒಂದು ಬ್ಯಾಂಕ್ ಇವತ್ತಿಗೂ ಇದೆ. ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿದ್ದು 1694ರಲ್ಲಿ.

ದಿವಾಳಿಯಾದರೆ ಬ್ಯಾಂಕ್ರಪ್ಟ್ ಅಂತಾರೆ. ಬೆಂಚು ಮುರೀತಿದ್ರಾ?

ಪದದ ಮಾತಿನರ್ಥ ಅದೇ. ಇಟಲಿಯ ‘ಬಾಂಕಾ ರೊಟ್ಟಾ’, ಅಂದರೆ ಮುರಿದ ಬೆಂಚು. 1500ರ ದಶಕಗಳಲ್ಲಿ ಇಂಗ್ಲಿಷಿಗೆ ಬಂದಾಗ ಲ್ಯಾಟಿನ್ ಬಲ್ಲವರು ‘ರೊಟ್ಟಾ’ವನ್ನು ತಿದ್ದಿ ‘ರಪ್ಟ್’ ಮಾಡಿದರು. ಲ್ಯಾಟಿನ್ನಿನ ‘ರುಪ್ಟುಸ್’ ಅಂದರೆ ಮುರಿದದ್ದು.

ಸಾಲ ತೀರಿಸದವನ ಬೆಂಚನ್ನು ಜನ ಸೇರಿ ಒಡೆದು ಹಾಕುತ್ತಿದ್ದರು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದನ್ನು ನಾನು ಕಥೆ ಅಂತಲೇ ಇಟ್ಟುಕೊಂಡಿದ್ದೇನೆ. ‘ಅವನ ಮನೆ ಮುರೀತು’ ಎಂದು ನಾವು ಹೇಳುವಾಗ ಯಾರೂ ಗೋಡೆ ಕೆಡವಿರುವುದಿಲ್ಲ. ಅವರ ಮಾತೂ ಹಾಗೇ ಇರಬಹುದು.

ಕನ್ನಡದಲ್ಲಿ ಇಷ್ಟೊಂದು ಅರ್ಥ ಹೊತ್ತ ಪದ ಇದೆಯಾ?

ಇದೆ. ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗಲೇ ನನಗೆ ಬ್ಯಾಂಕ್ ಪದ ನಿಜವಾಗಿ ಅರ್ಥವಾದದ್ದು. ಆ ಪದ ಕಟ್ಟೆ.

ಊರ ಮುಂದಿನ ಅರಳಿಮರ ನೆನಪು ಮಾಡಿಕೊಳ್ಳಿ. ಬುಡದ ಸುತ್ತ ಕಲ್ಲು ಕಟ್ಟಿ, ಮಣ್ಣು ತುಂಬಿ ಎತ್ತರಿಸಿದ್ದಾರೆ. ಅದು ಅರಳಿಕಟ್ಟೆ. ಬಿಸಿಲಿಗೆ ಸುಸ್ತಾದವರು ಕೂರುತ್ತಾರೆ. ಅಂದರೆ ಬೆಂಚು. ಅದೇ ಊರಿನ ಕೆರೆಗೂ ಕಟ್ಟೆ ಇದೆ. ನೀರು ತಡೆಯಲು ಎತ್ತರಿಸಿದ ಮಣ್ಣು. ಅಂದರೆ ಬ್ಯಾಂಕಿನ ಹಳೆಯ ಅರ್ಥವೇ. ದೊಡ್ಡದಾದರೆ ಅಣೆಕಟ್ಟೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಸರಕು ಇಟ್ಟು ಮಾರುವ ಕಟ್ಟೆಯಿಂದ ಮಾರುಕಟ್ಟೆ ಎಂಬ ಪದ ಬಂತು. ದಾರಿಯಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಾಗ ಸುಂಕದ ಕಟ್ಟೆ. ಬೆಂಗಳೂರಿನ ಮಾಗಡಿ ರಸ್ತೆ ಕಡೆಯವರಿಗೆ ಸುಂಕದಕಟ್ಟೆ ಬಸ್ ಸ್ಟಾಪಿನ ಹೆಸರು, ಅಷ್ಟೇ. ಆದರೆ ಆ ಹೆಸರಿನೊಳಗೆ ಹಣ ಎಣಿಸುವವನೊಬ್ಬ ಕೂತಿದ್ದಾನೆ, ಇಟಲಿಯ ಮೇಜಿನ ಮುಂದೆ ಕೂತ ಹಾಗೆ. ಇನ್ನು ಜಗಳ ಬಿಡಿಸಲು ಹಿರಿಯರು ಸೇರುವುದು ಪಂಚಾಯಿತಿ ಕಟ್ಟೆಯಲ್ಲಿ. ಇಂಗ್ಲಿಷಿನವರು ಬೆಂಚಿಗೆ ನ್ಯಾಯಾಲಯ ಎಂಬ ಅರ್ಥ ಕೊಟ್ಟದ್ದೂ ಹೀಗೆಯೇ.

ಕೂರುವ ಜಾಗ, ನೀರಿನ ತಡೆ, ವ್ಯಾಪಾರ, ಹಣ, ನ್ಯಾಯ. ಬ್ಯಾಂಕ್ ಮತ್ತು ಬೆಂಚ್ ಸೇರಿ ಹೊತ್ತ ಅರ್ಥಗಳನ್ನು ನಮ್ಮ ಕಟ್ಟೆ ಒಂದೇ ಹೊತ್ತಿದೆ. ಎರಡು ಭಾಷೆಗಳ ನಡುವೆ ಕೊಡುಕೊಳ್ಳುವಿಕೆ ಏನೂ ನಡೆದಿಲ್ಲ. ಎತ್ತರಿಸಿದ ಜಾಗ ಒಂದಿದ್ದರೆ ಮನುಷ್ಯ ಅದರ ಮೇಲೆ ಏನೇನು ಮಾಡುತ್ತಾನೋ ಅದೆಲ್ಲ ಪದದೊಳಗೆ ಇಳಿಯುತ್ತದೆ. ಈಗ ಮಕ್ಕಳಿಗೆ ನಾನು ಬ್ಯಾಂಕ್ ಪದವನ್ನು ಕಟ್ಟೆಯಿಂದಲೇ ಶುರು ಮಾಡುತ್ತೇನೆ. ಬೇಗ ಹಿಡಿದುಕೊಳ್ಳುತ್ತಾರೆ.

ಒಂದು ಕಡೆ ಮಾತ್ರ ದಾರಿ ಬೇರೆಯಾಗುತ್ತದೆ. ಅವರ ಬೆಂಚು ಮುರಿದರೆ ದಿವಾಳಿ. ನಮ್ಮ ಕಟ್ಟೆ ಒಡೆದರೆ ದುಃಖ, ಇಲ್ಲವೇ ತಾಳ್ಮೆ. ನಾವು ನೀರಿನ ಕಟ್ಟೆಯನ್ನು ನೆನೆದೆವು, ಅವರು ದುಡ್ಡಿನದನ್ನು.

## ನಂಟರು ಮತ್ತು ನಂಟರಂತೆ ಕಾಣುವವರು

ಶಾಲೆ ಬೆಂಚಿಗೂ ಕೋರ್ಟಿನ ಬೆಂಚಿಗೂ ಬ್ಯಾಂಕಿಗೂ ನಂಟು ಇದೆಯಾ?

ಒಂದೇ ಬೇರು. ಬೆಂಚ್ ಇಂಗ್ಲಿಷಿನ ಸ್ವಂತ ಪದ, ಹಳೆಯ ರೂಪ ‘ಬೆಂಚ್’ ಎಂದೇ ಕೇಳಿಸುತ್ತದೆ. ಬ್ಯಾಂಕ್ ಹೊರಗೆ ಸುತ್ತಾಡಿ ಬಂದ ಅದರ ಅಣ್ಣತಮ್ಮ. ನ್ಯಾಯಾಧೀಶರು ಕೂರುವ ಬೆಂಚು ನ್ಯಾಯಾಲಯದ ಹೆಸರಾದಂತೆ ಕನ್ನಡದಲ್ಲಿ ಪೀಠವೂ ಆಗಿದೆ. ಪೀಠ ಅಂದರೂ ಕೂರುವ ಆಸನವೇ. ಹೈಕೋರ್ಟಿನ ಧಾರವಾಡ ಮತ್ತು ಕಲಬುರಗಿ ಪೀಠಗಳು 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು. ಅಲ್ಲೆಲ್ಲ ಬೆಂಚಿಗೆ ಪೀಠ ಎಂಬ ಅನುವಾದ ಎಷ್ಟು ಚೆನ್ನಾಗಿ ಕೂತಿದೆ ನೋಡಿ.

ಔತಣಕ್ಕೆ ಬ್ಯಾಂಕ್ವೆಟ್ ಅನ್ನುವುದೂ ಇದೇ ಮನೆಯ ಪದ. ಇಟಲಿಯ ‘ಬಾಂಕೆಟ್ಟೊ’, ಪುಟ್ಟ ಬೆಂಚು. ಮದುವೆ ಛತ್ರದ ಹೊರಗೆ ‘ಬ್ಯಾಂಕ್ವೆಟ್ ಹಾಲ್’ ಬೋರ್ಡ್ ಕಂಡಾಗ ನನಗೆ ಪಂಕ್ತಿ ನೆನಪಾಗುತ್ತದೆ. ಅದೂ ಊಟಕ್ಕೆ ಕೂರುವ ಸಾಲೇ ಅಲ್ವಾ?

ಇನ್ನೊಂದು ಪದ ಮೌಂಟಿಬ್ಯಾಂಕ್, ಅಂದರೆ ಢೋಂಗಿ ವೈದ್ಯ. ಬೆಂಚು ಹತ್ತಿ ನಿಂತವನು ಎಂಬುದು ಮೂಲ ಅರ್ಥ. ಸಂತೆಯಲ್ಲಿ ಎತ್ತರದ ಮೇಲೆ ನಿಂತು, ಬಾಟಲಿ ಮೇಲೆತ್ತಿ, ಎಲ್ಲ ಕಾಯಿಲೆಗೂ ಇದೊಂದೇ ಔಷಧಿ ಎಂದು ಕೂಗುವವನನ್ನು ನಾವೂ ನೋಡಿದ್ದೇವೆ.

ಪೆಟ್ರೋಲ್ ಬಂಕ್, ಕ್ಲಾಸ್ ಬಂಕ್ ಮಾಡೋದು, ಇವೂ ಬ್ಯಾಂಕೇನಾ?

ಅಲ್ಲ, ಬಂಕ್ ಬೇರೆ ಪದ. ಉಚ್ಚಾರಣೆ ಹತ್ತಿರ ಇದೆ, ಮೂಲ ಮಾತ್ರ ಖಚಿತವಿಲ್ಲ. ಪೆಟ್ರೋಲ್ ಬಂಕ್ ಅನ್ನುವ ಮಾತು ದಕ್ಷಿಣ ಭಾರತದಲ್ಲೇ ಜಾಸ್ತಿ. ಲಂಡನ್ನಿನಲ್ಲಿ ಹಾಗೆ ಕೇಳಿದರೆ ಅವರಿಗೆ ಗೊತ್ತಾಗುವುದಿಲ್ಲ.

ಟ್ಯಾಂಕ್ ಬಂಡ್ ಅಂತಾರಲ್ಲ, ಆ ಬಂಡ್?

ಅದೂ ಬೇರೆ. ಅರ್ಥ ಮಾತ್ರ ಒಂದೇ, ಕೆರೆ ಏರಿ. ಬಂಡ್ ಪರ್ಷಿಯನ್ನಿನ ‘ಬಂದ್’ನಿಂದ ಬಂದದ್ದು. ಕಟ್ಟಿದ್ದು, ಬಿಗಿದದ್ದು, ಮುಚ್ಚಿದ್ದು ಎಂದು ಅರ್ಥ. ‘ಇವತ್ತು ಬ್ಯಾಂಕ್ ಬಂದ್’ ಎನ್ನುವಾಗಿನ ಬಂದ್ ಕೂಡ ಅದೇ. ಇಂಗ್ಲಿಷಿನ ಬೈಂಡ್, ಬಾಂಡ್ ಪದಗಳು ದೂರದಿಂದ ಅದಕ್ಕೆ ನಂಟರು. ನಮ್ಮ ಕಟ್ಟೆ ‘ಕಟ್ಟು’ವಿನಿಂದ ಬಂತು, ಅವರ ಬಂಡ್ ಕೂಡ ಕಟ್ಟುವುದರಿಂದಲೇ ಬಂತು. ಈ ಬಂಡ್ ಇಂಗ್ಲಿಷರ ಜೊತೆ ಇಂಡಿಯಾದಿಂದ ಚೀನಾದ ಶಾಂಘೈವರೆಗೂ ಹೋಗಿ, ಅಲ್ಲಿ ಹೊಳೆದಂಡೆಯ ಹೆಸರಾಂತ ಬೀದಿಗೆ ಹೆಸರಾಗಿದೆ.

ಬ್ಲಡ್ ಬ್ಯಾಂಕ್, ವೋಟ್ ಬ್ಯಾಂಕ್ ಯಾವಾಗ ಶುರುವಾದವು?

ಬ್ಲಡ್ ಬ್ಯಾಂಕ್ ಎಂದು ಹೆಸರಿಟ್ಟವರು ಬರ್ನಾರ್ಡ್ ಫಾಂಟಸ್ ಎಂಬ ವೈದ್ಯರು, 1937ರಲ್ಲಿ, ಅಮೆರಿಕದ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ. ಕೊಟ್ಟು ಇಡುವುದು, ಬೇಕಾದಾಗ ತೆಗೆಯುವುದು. ಬ್ಯಾಂಕಿನ ಲೆಕ್ಕವೇ. ಕನ್ನಡದ ರಕ್ತನಿಧಿ ಅದಕ್ಕಿಂತ ಚೆಂದ ಎಂದು ನನ್ನ ಅನಿಸಿಕೆ.

ವೋಟ್ ಬ್ಯಾಂಕ್ ಪದದ ಹಿಂದೆ ನಮ್ಮವರೇ ಇದ್ದಾರೆ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದುಕೊಂಡು ಜನರ ಬದುಕು ನೋಡಿದರು. ರಾಂಪುರ ಎಂದು ಹೆಸರು ಕೊಟ್ಟು ಬರೆದರು. ಊರಿನ ಒಬ್ಬ ದೊಡ್ಡ ಮನುಷ್ಯನ ಮಾತಿಗೆ ಕಟ್ಟುಬಿದ್ದು ಹಲವರು ಒಟ್ಟಾಗಿ ಮತ ಹಾಕುವುದನ್ನು ಹೇಳಲು 1955ರ ಒಂದು ಪ್ರಬಂಧದಲ್ಲಿ ವೋಟ್ ಬ್ಯಾಂಕ್ ಎಂಬ ಮಾತು ಬಳಸಿದರು. ಇವತ್ತು ಟಿವಿಯಲ್ಲಿ ಒಂದು ಜಾತಿಯ, ಒಂದು ಧರ್ಮದ ಮತಗಳ ಬಗ್ಗೆ ಹೇಳುವಾಗ ಅದೇ ಪದ ಕೇಳಿಸುತ್ತದೆ. ಅರ್ಥ ಸಾಕಷ್ಟು ಜರುಗಿದೆ.

ವಿಮಾನ ‘ಬ್ಯಾಂಕ್’ ಆಯ್ತು ಅಂದ್ರೆ ಏನು?

ತಿರುಗುವಾಗ ಒಂದು ರೆಕ್ಕೆ ಕೆಳಗೆ, ಒಂದು ಮೇಲೆ ಮಾಡಿಕೊಂಡು ವಾಲಿತು ಎಂದರ್ಥ. ದಿಬ್ಬದ ಇಳಿಜಾರು ನೆನೆಸಿಕೊಂಡರೆ ಗೊತ್ತಾಗುತ್ತದೆ. ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಎತ್ತರಿಸಿರುತ್ತಾರಲ್ಲ, ಅದಕ್ಕೂ ಇದೇ ಪದ.

ಬೆಂಕಿಯನ್ನೂ ಬ್ಯಾಂಕ್ ಮಾಡುತ್ತಾರೆ. ರಾತ್ರಿ ಮಲಗುವ ಮುಂಚೆ ಒಲೆಯ ಕೆಂಡದ ಮೇಲೆ ಬೂದಿ ಗುಡ್ಡೆ ಹಾಕಿ ಮುಚ್ಚಿಡುವುದು. ನನ್ನ ಅಜ್ಜಿ ದಿನಾ ಮಾಡುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ, ಒಣ ತೆಂಗಿನ ಗರಿ ಇಟ್ಟು ಊದಿದರೆ ಬೆಂಕಿಕಡ್ಡಿ ಗೀರದೆಯೇ ಒಲೆ ಹತ್ತಿಕೊಳ್ಳುತ್ತಿತ್ತು. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಅದೇ.

## ನಮ್ಮಲ್ಲಿ ಬ್ಯಾಂಕ್

ಬ್ಯಾಂಕಿಗೆ ಕನ್ನಡ ಪದ ಯಾಕಿಲ್ಲ?

ಬ್ಯಾಂಕೇ ಕನ್ನಡ ಪದ ಆಗಿದೆ. ‘ಬ್ಯಾಂಕಿಗೆ ಹೋದೆ, ಬ್ಯಾಂಕಿನಲ್ಲಿ ಕೂತೆ, ಬ್ಯಾಂಕಿನವರು ಹೇಳಿದರು’ ಎಂದು ನಮ್ಮ ಪ್ರತ್ಯಯಗಳನ್ನೆಲ್ಲ ಆರಾಮಾಗಿ ಹಚ್ಚಿಕೊಳ್ಳುತ್ತದೆ. ಹಾಗೆ ಮೈಗೂಡಿದ ಪದವನ್ನು ಬಿಟ್ಟು, ಯಾರೂ ಆಡದ ಸಂಸ್ಕೃತ ಪದ ಹೊಲಿದು ತರುವುದು ನನಗೆ ಒಪ್ಪಿಗೆಯಿಲ್ಲ.

ಈ ಪದ ನಮ್ಮ ಕರಾವಳಿಯಲ್ಲಿ ಬೇರೂರಿದಷ್ಟು ಇನ್ನೆಲ್ಲೂ ಇಲ್ಲವೇನೋ. 1906ರಲ್ಲೇ ಎರಡು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರು ಮಾಡಿದ್ದು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಶುರು ಮಾಡಿದ್ದು ಕೆನರಾ ಬ್ಯಾಂಕ್. ಅದರ ಮೊದಲ ಹೆಸರು ಈಗಿನದಲ್ಲ, ಕೊನೆಯಲ್ಲಿ ‘ಹಿಂದೂ ಪರ್ಮನೆಂಟ್ ಫಂಡ್’ ಎಂದಿತ್ತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1931ರಲ್ಲಿ ವಿಜಯಾ ಬ್ಯಾಂಕ್.

1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಳ್ಳುತ್ತಿದ್ದರು. ನಮ್ಮ ಬೀದಿಯ ಹೂವಿನ ಅಮ್ಮ ಇವತ್ತಿಗೂ ಸಂಜೆ ಬುಟ್ಟಿ ಪಕ್ಕಕ್ಕಿಟ್ಟು ಪಿಗ್ಮಿಯವರಿಗೆ ಎಣಿಸಿ ಕೊಡುತ್ತಾರೆ. ಅವರು ಕೂತಿರುವುದು ದೇವಸ್ಥಾನದ ಕಟ್ಟೆಯ ಮೇಲೆ.

ಮೈಸೂರ್ ಬ್ಯಾಂಕ್ ಸರ್ಕಲ್ ಅಂತ ಈಗಲೂ ಯಾಕೆ ಅಂತಾರೆ? ಆ ಬ್ಯಾಂಕೇ ಇಲ್ಲವಲ್ಲ?

1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಬ್ಯಾಂಕ್ ಅದು. 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಜನರ ಬಾಯಲ್ಲಿ ಮಾತ್ರ ಉಳಿಯಿತು. ಸುಂಕ ನಿಂತ ಮೇಲೂ ಸುಂಕದಕಟ್ಟೆ ಉಳಿದ ಹಾಗೆ.

## ಇನ್ನಷ್ಟು ಆಳದ್ದು

ಇದು ಒಂದೇ ಪದಕ್ಕೆ ಹಲವು ಅರ್ಥವೋ, ಬೇರೆ ಬೇರೆ ಪದಗಳೋ?

ಯಾವ ಕಡೆಯಿಂದ ನೋಡುತ್ತೀರಿ ಎಂಬುದರ ಮೇಲಿದೆ. ಬೇರು ನೋಡಿದರೆ ಒಂದು. ದಾರಿ ನೋಡಿದರೆ ಮೂರು. ದಂಡೆಯದು ಸ್ಕ್ಯಾಂಡಿನೇವಿಯಾದಿಂದ, ಸಾಲಿನದು ಫ್ರೆಂಚಿನಿಂದ, ಹಣದ್ದು ಇಟಲಿಯಿಂದ. ಆ ಸಾಲಿನದು ಮೊದಲು ಹಡಗಿನಲ್ಲಿ ಹುಟ್ಟು ಹಾಕುವವರು ಕೂರುತ್ತಿದ್ದ ಬೆಂಚು. ಅದರಿಂದ ಹುಟ್ಟುಗಳ ಸಾಲು, ಅದರಿಂದ ಸ್ವಿಚ್ಚುಗಳ ಸಾಲು. ಹೀಗಾಗಿ ದೊಡ್ಡ ನಿಘಂಟುಗಳು ಇವನ್ನು ಒಂದೇ ಪದವೆಂದು ಸೇರಿಸದೆ ಬೇರೆ ಬೇರೆ ನಮೂದು ಮಾಡುತ್ತವೆ.

ಜರ್ಮನ್ನರು ಇದನ್ನು ಬಹುವಚನದಲ್ಲಿ ಬಿಡಿಸಿಕೊಂಡಿದ್ದಾರೆ. ಅಲ್ಲಿ ಬೆಂಚೂ ‘ಬಾಂಕ್’, ಹಣದ ಸಂಸ್ಥೆಯೂ ‘ಬಾಂಕ್’. ಹಲವು ಬೆಂಚುಗಳಾದರೆ ‘ಬೆಂಕೆ’, ಹಲವು ಬ್ಯಾಂಕುಗಳಾದರೆ ‘ಬಾಂಕೆನ್’. ಸ್ಪ್ಯಾನಿಶ್‌ನಲ್ಲಿ ಎರಡಕ್ಕೂ ‘ಬಾಂಕೊ’. ಪಾರ್ಕಿನಲ್ಲಿ ಕೂರುವುದೂ ಅದೇ, ದುಡ್ಡು ಇಡುವುದೂ ಅದೇ.

ಮೇಜಿನಿಂದ ಬ್ಯಾಂಕ್ ಆದ ಭಾಷೆ ಬೇರೆ ಇದೆಯಾ?

ಗ್ರೀಕ್ ಇದೆ, ಅದು ಇಟಲಿಗಿಂತ ತುಂಬ ಹಳೆಯದು. ‘ಟ್ರಾಪೆಜಾ’ ಅಂದರೆ ಮೇಜು. ಪ್ರಾಚೀನ ಅಥೆನ್ಸಿನ ಚಿನಿವಾರರೂ ಮೇಜು ಹಾಕಿಕೊಂಡೇ ಕೂರುತ್ತಿದ್ದರು. ಇವತ್ತಿನ ಗ್ರೀಸಿನಲ್ಲಿ ಬ್ಯಾಂಕಿನ ಬೋರ್ಡ್ ಮೇಲೆ ಬರೆದಿರುವುದೂ ಅದೇ ಪದ. ರೇಖಾಗಣಿತದ ಟ್ರೆಪೀಜಿಯಂ ಅದರದ್ದೇ ಮರಿ, ಪುಟ್ಟ ಮೇಜು.

ಅನುವಾದ ಮಾಡುವಾಗ ಯಾವ ಬ್ಯಾಂಕ್ ಅಂತ ತಿಳಿಯೋದು ಹೇಗೆ?

ಪಕ್ಕದ ಪುಟ್ಟ ಪದ ನೋಡಿ. ‘ಆನ್ ದಿ ಬ್ಯಾಂಕ್’ ಇದ್ದರೆ ಹೆಚ್ಚಾಗಿ ದಂಡೆ. ‘ಇನ್’ ಅಥವಾ ‘ಅಟ್’ ಇದ್ದರೆ ಹೆಚ್ಚಾಗಿ ದುಡ್ಡಿನದು. ‘ಬ್ಯಾಂಕ್ಸ್’ ಎಂದು ಬಹುವಚನದಲ್ಲಿದ್ದು ಮುಂದೆ ನದಿಯ ಹೆಸರು ಬಂದರೆ ಅನುಮಾನವೇ ಬೇಡ. ಇಂಗ್ಲಿಷಿನವರು ಒಂದು ನದಿಯ ‘ಬ್ಯಾಂಕ್ಸ್’ ಅನ್ನುತ್ತಾರೆ, ನಾವು ನದಿಯ ದಡ ಎಂದು ಏಕವಚನದಲ್ಲೇ ಹೇಳುತ್ತೇವೆ. ‘ಕಾವೇರಿಯ ದಡಗಳ ಮೇಲೆ’ ಎಂದು ಬರೆದರೆ ಓದುವಾಗ ಕಲ್ಲು ಸಿಕ್ಕಂತಾಗುತ್ತದೆ. ‘ಕಾವೇರಿ ದಂಡೆಯಲ್ಲಿ’ ಅಂದರೆ ಸಾಕು.

ಹಿಂದೊಮ್ಮೆ ರೈತರಿಗಾಗಿ ತಯಾರಾದ ಒಂದು ಕೈಪಿಡಿ ತಿದ್ದಲು ನನ್ನ ಹತ್ತಿರ ಬಂತು. ಯಂತ್ರದಲ್ಲಿ ಅನುವಾದ ಮಾಡಿಸಿದ್ದರು. ‘ಎಡ ಬ್ಯಾಂಕ್ ಕಾಲುವೆಯ ರೈತರು’ ಎಂದಿತ್ತು. ಕೆಳಗಿನ ಸಾಲಿನಲ್ಲೇ ‘ಬೆಳೆ ಸಾಲಕ್ಕೆ ಹತ್ತಿರದ ಬ್ಯಾಂಕ್ ಸಂಪರ್ಕಿಸಿ’ ಎಂದೂ ಇತ್ತು. ಎರಡೂ ಒಂದೇ ಪುಟದಲ್ಲಿ. ಎರಡನೆಯದನ್ನು ಹಾಗೇ ಬಿಟ್ಟೆ. ಮೊದಲನೆಯದನ್ನು ಹೊಡೆದು ಹಾಕಿ ‘ಎಡದಂಡೆ ಕಾಲುವೆಯ ರೈತರು’ ಎಂದು ಬರೆದೆ.